108 ಬರೋವರೆಗೆ ಅಲ್ಲಿ ಯಾರಿರ್ತಾರೆ?

ಇವತ್ತಿನ ಮಾತು ನನ್ನ ಹಾಗೆ ಊರು ಬಿಟ್ಟು ಹೈದರಾಬಾದಿಗೆ ಬಂದವರಿಗೆ.

ಹೋದ ವರ್ಷ ಒಂದು ರಾತ್ರಿ ರಿಲೀಸ್ ಮುಗಿಸಿ ಗಚ್ಚಿಬೌಲಿಯಿಂದ ಮನೆಗೆ ಹೊರಟಿದ್ದೆ. ಕೊಂಡಾಪುರದ ದಾರೀಲಿ ಒಬ್ಬ ಹುಡುಗ ಬೈಕಿನಿಂದ ಬಿದ್ದಿದ್ದ. ನಾನು ಕಾರು ನಿಲ್ಲಿಸಲಿಲ್ಲ. ತೆಲುಗು ಸರಿಯಾಗಿ ಬರಲ್ಲ, ಪೊಲೀಸರು ನನ್ನನ್ನೇ ಹಿಡಿದುಕೊಂಡ್ರೆ? ಕೋರ್ಟಿಗೆ ಅಲೆಸಿದ್ರೆ? ಸ್ವಲ್ಪ ಮುಂದೆ ಹೋಗಿ, ಸೈಡಿಗೆ ಹಾಕಿ 108ಕ್ಕೆ ಫೋನ್ ಮಾಡಿದೆ. ನನ್ನ ಕೆಲಸ ಮುಗೀತು ಅಂದ್ಕೊಂಡೆ. ಆದರೆ ಆ ಕಡೆಯಿಂದ ಕೇಳಿದ್ರು: ಪ್ರಜ್ಞೆ ಇದೆಯಾ? ಉಸಿರಾಡ್ತಿದಾರಾ? ಎಷ್ಟು ಜನಕ್ಕೆ ಪೆಟ್ಟಾಗಿದೆ? ನನ್ನ ಹತ್ರ ಒಂದಕ್ಕೂ ಉತ್ತರ ಇರಲಿಲ್ಲ.

ಯೂ-ಟರ್ನ್ ತಗೊಂಡು ವಾಪಸ್ ಹೋದೆ. ಅಷ್ಟರಲ್ಲಿ ಇಡ್ಲಿ ಬಂಡಿಯವರೊಬ್ಬರು ತಮ್ಮ ಟವೆಲನ್ನ ಹುಡುಗನ ಕಾಲಿಗೆ ಒತ್ತಿ ಹಿಡಿದು "ಏಂ ಕಾದು, ನೇನುನ್ನಾನು" ಅಂತಿದ್ರು. ಏನೂ ಆಗಲ್ಲ, ನಾನಿದ್ದೀನಿ ಅಂತ. ಅಷ್ಟು ತೆಲುಗು ನನಗೂ ಬರ್ತಿತ್ತು.

108 ಸೇವೆ ಶುರುವಾಗಿದ್ದೇ ಈ ಊರಲ್ಲಿ, 2005ರಲ್ಲಿ. ಕರ್ನಾಟಕಕ್ಕೆ ಬಂದಿದ್ದು 2008ರಲ್ಲಿ. ವ್ಯವಸ್ಥೆ ಎಷ್ಟೇ ಚೆನ್ನಾಗಿದ್ರೂ ಗಾಡಿ ಬರೋವರೆಗಿನ ನಿಮಿಷಗಳಲ್ಲಿ ಅಲ್ಲಿರೋದು ದಾರಿಹೋಕರು ಮಾತ್ರ. 2017ರ ಫೆಬ್ರವರಿಯಲ್ಲಿ ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕ 18 ವರ್ಷದ ಸೈಕಲ್ ಸವಾರ ಸಹಾಯಕ್ಕೆ ಅಂಗಲಾಚುತ್ತಿದ್ದಾಗ ಸುತ್ತ ಜನ ಇದ್ದರು, ಮೊಬೈಲಿನಲ್ಲಿ ವಿಡಿಯೋ ತೆಗೀತಿದ್ರು. ಆ ಹುಡುಗ ಉಳಿಯಲಿಲ್ಲ.

ಇನ್ನು ನಮ್ಮ ಭಯದ ವಿಷಯ. ನೆರವಿಗೆ ಬಂದವರನ್ನು ರಕ್ಷಿಸುವ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟ್ 2016ರ ಮಾರ್ಚ್ 30ರಂದು ಕಾನೂನಿನ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು, 2020ರಲ್ಲಿ ನಿಯಮಗಳು ಬಂದವು. ಅದರ ಸಾರ ಇಷ್ಟು:

ಪ್ರತಿಫಲ ಬಯಸದೆ ಒಳ್ಳೆ ಮನಸ್ಸಿನಿಂದ ಸಹಾಯ ಮಾಡುವಾಗ ನಮ್ಮಿಂದ ಏನೋ ತಪ್ಪಾಗಿ ಗಾಯಾಳುವಿಗೆ ತೊಂದರೆಯಾದರೂ ನಮ್ಮ ಮೇಲೆ ಕೇಸಿಲ್ಲ. ಹೆಸರು, ವಿಳಾಸ ಹೇಳಿ ಅಂತ ಪೊಲೀಸರು ಬಲವಂತ ಮಾಡುವಂತಿಲ್ಲ. ಸಾಕ್ಷಿ ಹೇಳಿ ಅಂತಲೂ ಒತ್ತಾಯಿಸುವಂತಿಲ್ಲ. ದುಡ್ಡು ಕಟ್ಟಿ ಅಂತ ಆಸ್ಪತ್ರೆಯವರು ನಮ್ಮನ್ನ ತಡೆದು ಕೂರಿಸುವಂತಿಲ್ಲ.

ಮಾಡಬೇಕಾದ್ದೂ ದೊಡ್ಡ ವಿದ್ಯೆ ಏನಲ್ಲ. ಕಾರಿನ ಹಜಾರ್ಡ್ ಲೈಟ್ ಹಾಕಿ. 108 ಅಥವಾ 112ಕ್ಕೆ ಗಾಯಾಳುವಿನ ಪಕ್ಕ ನಿಂತೇ ಫೋನ್ ಮಾಡಿ. ರಕ್ತ ಸುರಿಯೋ ಕಡೆ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡೀರಿ. ಕುತ್ತಿಗೆ, ಬೆನ್ನು ಅಲುಗಿಸಬೇಡಿ, ಹೆಲ್ಮೆಟ್ ಜಗ್ಗಬೇಡಿ, ನೀರು ಕುಡಿಸಬೇಡಿ. ಗಾಡಿ ಬರೋವರೆಗೆ ಮಾತಾಡಿಸ್ತಾ ಇರಿ.

ಅವತ್ತು ಆಂಬುಲೆನ್ಸ್ ಹೋದ ಮೇಲೆ ಆ ಇಡ್ಲಿ ಬಂಡಿಯವರು ಕೈ ತೊಳ್ಕೊಂಡು, ವಾಪಸ್ ಬಂದಿದ್ದಕ್ಕೆ ನನಗೇ ಥ್ಯಾಂಕ್ಸ್ ಹೇಳಿದ್ರು, ನಾನು ಆ ಹುಡುಗನ ಪರಿಚಯದವನು ಅಂದ್ಕೊಂಡು. ಮೊದಲು ನಿಲ್ಲಿಸದೆ ಹೋಗಿದ್ದೆ ಅಂತ ಅವರಿಗೆ ಹೇಳೋಕೆ ಬಾಯಿ ಬರಲಿಲ್ಲ. ನಿಮಗೆ ಹೇಳ್ತಿದೀನಿ. ನೀವು ಮೊದಲನೇ ಸಲವೇ ನಿಲ್ಲಿಸಿ.