ಹಸಿದ ನಗರಕ್ಕೆ ಒದಗಿದ ಸೊಪ್ಪು, ಸೂಜಿಯೆಲೆ

125 ಗ್ರಾಂ ಬ್ರೆಡ್ ಎಂದರೆ ಎಷ್ಟು? ಬೇಕರಿಯಲ್ಲಿ ಸಿಗುವ ಸಾಮಾನ್ಯ ಬ್ರೆಡ್ಡಿನ ನಾಲ್ಕೈದು ಹೋಳು. 1941ರ ನವೆಂಬರ್ 20ರಿಂದ ಡಿಸೆಂಬರ್ 25ರವರೆಗೆ ಲೆನಿನ್‌ಗ್ರಾಡ್ ನಗರದ ಮಕ್ಕಳಿಗೆ, ವೃದ್ಧರಿಗೆ, ಗೃಹಿಣಿಯರಿಗೆ, ಕಚೇರಿಯ ನೌಕರರಿಗೆ ಇಡೀ ದಿನಕ್ಕೆ ಸಿಗುತ್ತಿದ್ದ ಪಡಿತರ ಇಷ್ಟೇ. ಕಾರ್ಖಾನೆಯ ಕಾರ್ಮಿಕರಿಗೆ 250 ಗ್ರಾಂ. ಆ ಬ್ರೆಡ್ಡಾದರೂ ಶುದ್ಧವಾಗಿತ್ತೇ? ಇಲ್ಲ. ಹಿಟ್ಟಿಗೆ ಹತ್ತಿಬೀಜದ ಹಿಂಡಿಯನ್ನೂ ಮರದಿಂದ ತೆಗೆದ ಸೆಲ್ಯುಲೋಸನ್ನೂ ಬೆರೆಸಿರುತ್ತಿದ್ದರು.

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಈ ನಗರಕ್ಕೆ ಹಾಕಿದ ಮುತ್ತಿಗೆ 1941ರ ಸೆಪ್ಟೆಂಬರ್ 8ರಂದು ಆರಂಭವಾಗಿ 1944ರ ಜನವರಿ 27ರಂದು ಪೂರ್ಣವಾಗಿ ತೆರವಾಯಿತು. ಒಟ್ಟು 872 ದಿನ. ನಗರದೊಳಗೆ ಸಿಕ್ಕಿಬಿದ್ದವರು ಸುಮಾರು 25 ಲಕ್ಷ ಮಂದಿ. ಅವರಲ್ಲಿ ಮಕ್ಕಳೇ ಸುಮಾರು ನಾಲ್ಕು ಲಕ್ಷ. ಇಂದು ಇದೇ ನಗರ ಸೇಂಟ್ ಪೀಟರ್ಸ್‌ಬರ್ಗ್ ಎಂಬ ತನ್ನ ಹಳೆಯ ಹೆಸರಿಗೆ ಮರಳಿದೆ.

ಬಂದೂಕಿನ ಕಥೆ ಎಲ್ಲ ಇತಿಹಾಸದ ಪುಸ್ತಕಗಳಲ್ಲೂ ಇದೆ. ಅಷ್ಟಾಗಿ ಹೇಳದೆ ಉಳಿದ ಕಥೆ ಇನ್ನೊಂದಿದೆ. ಅದು ಒಲೆ, ನೀರು, ಸೊಪ್ಪು, ಬೀಜಗಳ ಕಥೆ. ನಮ್ಮ ಅಜ್ಜಿಯರಿಗೆ ಸಹಜವಾಗಿದ್ದ ಇಂಥ ತಿಳಿವಳಿಕೆಯನ್ನು ಒಂದು ಮಹಾನಗರ ಪ್ರಾಣ ಉಳಿಸಿಕೊಳ್ಳಲು ಹೊಸದಾಗಿ ಕಲಿಯಬೇಕಾಯಿತು.

ಹೊಟ್ಟೆ ತುಂಬಿಸುವುದು ಬೇರೆ, ಪೋಷಿಸುವುದು ಬೇರೆ

ಮುತ್ತಿಗೆಯ ಮೊದಲ ದಿನವೇ ನಗರದ ಬಾದಾಯೆವ್ ಉಗ್ರಾಣಗಳ ಮೇಲೆ ಬಾಂಬು ಬಿತ್ತು. ಅಲ್ಲಿದ್ದ ಸಕ್ಕರೆ ಕರಗಿ ನೆಲಕ್ಕೆ ಇಂಗಿತು. ಮುಂದೆ ಹಸಿವು ಬಿಗಿಯಾದಾಗ ಜನ ಆ ನೆಲವನ್ನೇ ಅಗೆದರು. ಮಣ್ಣನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಸಿಹಿ ನೀರನ್ನು ಕುಡಿದರು. ಸಕ್ಕರೆ ನೀರಿನಲ್ಲಿ ಕರಗುತ್ತದೆ, ಮಣ್ಣು ಕರಗುವುದಿಲ್ಲ. ಮಾಧ್ಯಮಿಕ ಶಾಲೆಯ ಪ್ರಯೋಗಶಾಲೆಯಲ್ಲಿ ಉಪ್ಪು ಮತ್ತು ಮರಳನ್ನು ಬೇರ್ಪಡಿಸುವ ಪ್ರಯೋಗವೇ ಇದು!

ಬಡಗಿಗಳು ಮರ ಜೋಡಿಸಲು ಬಳಸುವ ಅಂಟನ್ನು ಕುದಿಸಿ ಜೆಲ್ಲಿಯಂತೆ ತಿಂದರು. ಚರ್ಮದ ಬೆಲ್ಟುಗಳನ್ನು ಗಂಟೆಗಟ್ಟಲೆ ಬೇಯಿಸಿದರು. ಇದರ ಹಿಂದೆಯೂ ಒಂದು ತರ್ಕವಿದೆ. ಆ ಅಂಟನ್ನು ಪ್ರಾಣಿಗಳ ಮೂಳೆ, ಚರ್ಮಗಳಿಂದ ಮಾಡುತ್ತಿದ್ದರು. ಅದರಲ್ಲಿರುವುದು ಒಂದು ಬಗೆಯ ಪ್ರೋಟೀನು. ಅಲ್ಪಸ್ವಲ್ಪವಾದರೂ ದೇಹಕ್ಕೆ ದಕ್ಕುತ್ತದೆ.

ಬ್ರೆಡ್ಡಿಗೆ ಬೆರೆಸಿದ ಸೆಲ್ಯುಲೋಸಿನ ಮಾತು ಹಾಗಲ್ಲ. ಹಸುವಿನ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಒಡೆಯಬಲ್ಲವು. ಮನುಷ್ಯನ ಹೊಟ್ಟೆಗೆ ಆ ಶಕ್ತಿಯಿಲ್ಲ. ಅದು ತೂಕವನ್ನು ಹೆಚ್ಚಿಸಿತು, ಹೊಟ್ಟೆ ತುಂಬಿದ ಭ್ರಮೆ ಕೊಟ್ಟಿತು, ಅಷ್ಟೇ. ಆದರೆ ನಗರದ ರಸಾಯನಶಾಸ್ತ್ರಜ್ಞರು ಅಲ್ಲಿಗೇ ನಿಲ್ಲಲಿಲ್ಲ. ಮರವನ್ನು ಆಮ್ಲದೊಂದಿಗೆ ಕಾಯಿಸಿದರೆ ಸೆಲ್ಯುಲೋಸ್ ಒಡೆದು ಸಕ್ಕರೆಯಾಗುತ್ತದೆ. ಆ ಸಕ್ಕರೆಯ ಮೇಲೆ ಯೀಸ್ಟ್ ಬೆಳೆಸಿದರೆ ಪ್ರೋಟೀನೂ ಬಿ ಗುಂಪಿನ ಜೀವಸತ್ವಗಳೂ ಸಿಗುತ್ತವೆ. ಹೀಗೆ ಮರದಿಂದ ಹುಟ್ಟಿದ ಯೀಸ್ಟಿನ ಸೂಪು ಸಾರ್ವಜನಿಕ ಊಟದ ಮನೆಗಳಲ್ಲಿ ದೊರೆಯತೊಡಗಿತು. ಅದೇ ಮರ, ಒಂದು ದಾರಿಯಲ್ಲಿ ಬರಿಯ ಭರ್ತಿ, ಇನ್ನೊಂದು ದಾರಿಯಲ್ಲಿ ಆಹಾರ. ವ್ಯತ್ಯಾಸ ಮಾಡಿದ್ದು ತಿಳಿವಳಿಕೆ.

ಒಂದು ಕೋಣೆ, ಒಂದು ಒಲೆ

ಆ ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯಿತು. ವಿದ್ಯುತ್ ನಿಂತಿತು. ನಲ್ಲಿಗಳಲ್ಲಿ ನೀರು ಹೆಪ್ಪುಗಟ್ಟಿತು. ಕಟ್ಟಡಗಳನ್ನು ಬೆಚ್ಚಗಿಡುವ ವ್ಯವಸ್ಥೆಯೂ ಕೈಕೊಟ್ಟಿತು.

ಆಗ ಮನೆಮನೆಗೂ ಬಂದದ್ದು ‘ಬುರ್ಜುಯಿಕಾ’ ಎಂಬ ಚಿಕ್ಕ ಕಬ್ಬಿಣದ ಒಲೆ. ತೆಳು ತಗಡಿನ ಈ ಒಲೆಯ ಹೊಗೆ ಕೊಳವೆಯನ್ನು ಕಿಟಕಿಯಿಂದ ಹೊರಕ್ಕೆ ಬಿಡುತ್ತಿದ್ದರು. ಬೇಗ ಕಾಯುತ್ತದೆ, ಬೇಗ ಆರುತ್ತದೆ. ಕುರ್ಚಿ, ಮೇಜು, ನೆಲದ ಹಲಗೆ, ಕೊನೆಗೆ ಪುಸ್ತಕಗಳೂ ಇದರ ಬಾಯಿಗೆ ಬಿದ್ದವು. ಇಡೀ ಕುಟುಂಬ ಒಂದೇ ಕೋಣೆಯಲ್ಲಿ ಸೇರಿತು. ಒಡೆದ ಕಿಟಕಿಗಳಿಗೆ ಪ್ಲೈವುಡ್, ಕಂಬಳಿ ಹೊದಿಸಿದರು. ಕಾಯಿಸಬೇಕಾದ ಜಾಗ ಚಿಕ್ಕದಾದಷ್ಟೂ ಶಾಖ ಸೋರುವ ಗೋಡೆಗಳು ಕಡಿಮೆ. ಬೇಕಾಗುವ ಸೌದೆಯೂ ಕಡಿಮೆ.

ನೀರಿಗಾಗಿ ನೆವಾ ನದಿಯ ಮಂಜುಗಡ್ಡೆಯಲ್ಲಿ ತೂತು ಕೊರೆದರು. ಮಕ್ಕಳ ಜಾರುಬಂಡಿಯಲ್ಲಿ ಬಕೆಟ್ ಇಟ್ಟು ಮನೆಗೆ ಎಳೆದು ತಂದರು. ಅದನ್ನು ಕುದಿಸಿ ಕುಡಿಯಬೇಕಾಗಿತ್ತು. ಒಂದು ಕೆಟಲ್ ನೀರು ಕುದಿಸಲು ಬೇಕಾದ ಸೌದೆಯೂ ಆಗ ಒಂದು ಆಸ್ತಿ. ಚಳಿ ಕಡಿಮೆಯಾಗತೊಡಗಿದಾಗ ಹೊಸ ಭಯ ಎದುರಾಯಿತು. ತಿಂಗಳುಗಟ್ಟಲೆ ಬೀದಿ, ಅಂಗಳಗಳಲ್ಲಿ ಬಿದ್ದಿದ್ದ ಕೊಳೆ ಕರಗಿದರೆ ಸಾಂಕ್ರಾಮಿಕ ರೋಗ ಹರಡುವುದು ಖಚಿತ. 1942ರ ಮಾರ್ಚ್ 27ರಿಂದ ಏಪ್ರಿಲ್ 15ರವರೆಗೆ ಸುಮಾರು ಮೂರು ಲಕ್ಷ ಮಂದಿ, ನಿಲ್ಲಲು ತ್ರಾಣವಿಲ್ಲದವರೂ ಸೇರಿ, ಗುದ್ದಲಿ ಸಲಿಕೆ ಹಿಡಿದು ನಗರವನ್ನು ಗುಡಿಸಿದರು. ಭಯಪಟ್ಟಂತಹ ಮಹಾಮಾರಿ ಆ ವಸಂತದಲ್ಲಿ ಬರಲಿಲ್ಲ.

ಕಹಿ ಕಷಾಯದ ಮಹಿಮೆ

ತಾಜಾ ತರಕಾರಿ, ಹಣ್ಣು ಇಲ್ಲದೆ ಕೆಲವು ತಿಂಗಳು ಕಳೆದರೆ ಏನಾಗುತ್ತದೆ? ವಸಡು ಊದಿ ರಕ್ತ ಒಸರುತ್ತದೆ, ಹಲ್ಲು ಸಡಿಲವಾಗುತ್ತದೆ, ಹಳೆಯ ಗಾಯ ಮತ್ತೆ ಬಿಚ್ಚಿಕೊಳ್ಳುತ್ತದೆ. ಇದೇ ಸ್ಕರ್ವಿ. ಇದಕ್ಕೆ ಕಾರಣ ಸಿ ಜೀವಸತ್ವದ ಕೊರತೆ. ಹಿಂದೆ ದೂರದ ಸಮುದ್ರಯಾನ ಮಾಡುವ ನಾವಿಕರನ್ನು ಕೊಲ್ಲುತ್ತಿದ್ದ ರೋಗ ಈಗ ನಗರದ ಬಾಗಿಲು ತಟ್ಟಿತು.

ನಿಂಬೆಹಣ್ಣು ಎಲ್ಲಿಂದ ಬರಬೇಕು? ಆದರೆ ನಗರದ ಸುತ್ತ ಪೈನ್ ಮರಗಳಿದ್ದವು. ಅವುಗಳ ಹಸಿರು ಸೂಜಿಯೆಲೆಗಳಲ್ಲಿ ಸಿ ಜೀವಸತ್ವವಿದೆ. ನಗರದ ವಿಟಮಿನ್ ಸಂಶೋಧನಾ ಸಂಸ್ಥೆಯ ತಜ್ಞರು ಅದನ್ನು ತೆಗೆಯುವ ಸುಲಭ ವಿಧಾನ ರೂಪಿಸಿದರು. ಎಲೆಯನ್ನು ತೊಳೆದು, ಜಜ್ಜಿ, ಸ್ವಲ್ಪ ಹುಳಿ ಬೆರೆಸಿದ ನೀರಿನಲ್ಲಿ ನೆನೆಹಾಕಿ, ಸೋಸುವುದು. ಹುಳಿಯೇಕೆ? ಆಮ್ಲೀಯ ದ್ರಾವಣದಲ್ಲಿ ಸಿ ಜೀವಸತ್ವ ಹೆಚ್ಚು ಕಾಲ ಕೆಡದೆ ಉಳಿಯುತ್ತದೆ. ಹೆಚ್ಚು ಹೊತ್ತು ಕುದಿಸಿದರೆ ಅದು ನಾಶವಾಗುತ್ತದೆ. ಕಾರ್ಖಾನೆ, ಆಸ್ಪತ್ರೆ, ಊಟದ ಮನೆಗಳಲ್ಲಿ ಈ ಕಹಿ ಪಾನೀಯವನ್ನು ಹಂಚಿದರು.

ಸ್ಕರ್ವಿ ತಡೆಯಲು ದಿನಕ್ಕೆ ಸುಮಾರು 10 ಮಿಲಿಗ್ರಾಂ ಸಿ ಜೀವಸತ್ವ ಸಾಕು. ಆದ್ದರಿಂದಲೇ ಒಂದು ಲೋಟ ಕಷಾಯ ಅಷ್ಟು ದೊಡ್ಡ ಕೆಲಸ ಮಾಡಿತು. ಈ ಉಪಾಯ ಹೊಸದೂ ಅಲ್ಲ. 1536ರಲ್ಲಿ ಇಂದಿನ ಕೆನಡದ ಕ್ವಿಬೆಕ್ ಬಳಿ ಮಂಜಿನಲ್ಲಿ ಸಿಲುಕಿದ್ದ ಫ್ರೆಂಚ್ ನಾವಿಕ ಜಾಕ್ ಕಾರ್ತಿಯೆಯ ತಂಡವನ್ನು ಅಲ್ಲಿನ ಮೂಲನಿವಾಸಿಗಳು ಇಂಥದೇ ಮರವೊಂದರ ಕಷಾಯ ಕಲಿಸಿಕೊಟ್ಟು ಬದುಕಿಸಿದ್ದರು. ಕಾಡಿನವರ ಅನುಭವಕ್ಕೆ ಲೆನಿನ್‌ಗ್ರಾಡಿನ ವಿಜ್ಞಾನಿಗಳು ಅಳತೆ, ವಿಧಾನ ಜೋಡಿಸಿದರು.

ಚೌಕದಲ್ಲಿ ಎಲೆಕೋಸು

1942ರ ವಸಂತದಲ್ಲಿ ಹಿಮ ಕರಗಿ ಮೊದಲ ಹಸಿರು ಚಿಗುರಿತು. ಜನ ಬಾಗಿ ಕಳೆ ಕೀಳತೊಡಗಿದರು, ಎಸೆಯಲಿಕ್ಕಲ್ಲ, ಬೇಯಿಸಲಿಕ್ಕೆ. ಮುಟ್ಟಿದರೆ ಉರಿಯುವ ತುರಿಕೆ ಗಿಡದ ಎಲೆ, ಡ್ಯಾಂಡೆಲಿಯನ್, ನಮ್ಮ ಚಕ್ಕೋತ ಸೊಪ್ಪಿನ ಸಂಬಂಧಿಯಾದ ಕಾಡು ಸೊಪ್ಪು, ಎಲ್ಲವೂ ಸೂಪಿಗೆ ಬಂದವು. ತುರಿಕೆ ಗಿಡವನ್ನು ಬೇಯಿಸಿದರೆ ಅದರ ರೋಮಗಳ ಉರಿ ಅಡಗುತ್ತದೆ.

ಆದರೆ ಹಸಿದವನಿಗೆ ಎಲ್ಲ ಹಸಿರೂ ಒಂದೇ ಎನಿಸುವ ಅಪಾಯವಿದೆ. ತೇವದ ನೆಲದಲ್ಲಿ ಬೆಳೆಯುವ ಒಂದು ಬಗೆಯ ಹೆಮ್ಲಾಕ್ ಗಡ್ಡೆ ನೋಡಲು ತಿನ್ನುವ ಗಡ್ಡೆಯಂತೆಯೇ ಇರುತ್ತದೆ, ತಿಂದರೆ ಸಾವು. ಆದ್ದರಿಂದ ನಗರದ ಸಸ್ಯವಿಜ್ಞಾನ ಸಂಸ್ಥೆಯವರು ತಿನ್ನಬಹುದಾದ ಕಾಡುಸಸ್ಯಗಳ ಬಗ್ಗೆ ಪುಸ್ತಿಕೆ ಹೊರತಂದರು. ಗಿಡದ ಗುರುತು ಬಲ್ಲವರ ಮಾತು ಆಗ ವೈದ್ಯರ ಮಾತಿನಷ್ಟೇ ಬೆಲೆಯುಳ್ಳದ್ದು.

ಉದ್ಯಾನಗಳು ತೋಟಗಳಾದವು. ಪ್ರಸಿದ್ಧ ಸೇಂಟ್ ಐಸಾಕ್ ಚೌಕದಲ್ಲಿ, ಬೃಹತ್ ಚರ್ಚಿನ ಮುಂದೆ, ಸಾಲುಸಾಲಾಗಿ ಎಲೆಕೋಸು ಬೆಳೆಯಿತು. ಎಲೆಕೋಸೇ ಏಕೆ? ಚಳಿ ತಾಳುತ್ತದೆ, ಸಿ ಜೀವಸತ್ವ ಕೊಡುತ್ತದೆ, ಉಪ್ಪು ಹಾಕಿ ಹುಳಿ ಬರಿಸಿದರೆ ಇಡೀ ಚಳಿಗಾಲಕ್ಕೆ ಒದಗುತ್ತದೆ.

ತಿನ್ನದೆ ಉಳಿಸಿದ ಬೀಜ

ಅದೇ ಚೌಕದ ಅಂಚಿನಲ್ಲಿ ನಿಕೊಲಾಯ್ ವಾವಿಲೋವ್ ಬೆಳೆಸಿದ ಸಸ್ಯೋದ್ಯಮ ಸಂಸ್ಥೆಯಿತ್ತು. ಜಗತ್ತಿನ ನಾನಾ ಭಾಗಗಳಿಂದ ತಂದ ಗೋಧಿ, ಬತ್ತ, ಕಾಳು, ನೆಲಗಡಲೆ, ಆಲೂಗಡ್ಡೆಯ ತಳಿಗಳು ಅಲ್ಲಿದ್ದವು. ವಾವಿಲೋವ್ ಅವರನ್ನು ಸ್ಟಾಲಿನ್ ಸರ್ಕಾರ 1940ರಲ್ಲೇ ಬಂಧಿಸಿತ್ತು. ಆ ಮಹಾನ್ ವಿಜ್ಞಾನಿ 1943ರ ಜನವರಿಯಲ್ಲಿ ಸರಾಟೊವ್ ಸೆರೆಮನೆಯಲ್ಲಿ ತೀರಿಕೊಂಡರು.

ಅವರ ಸಹೋದ್ಯೋಗಿಗಳು ನಗರದಲ್ಲೇ ಉಳಿದರು. ನಗರದ ಹೊರಗಿನ ಪಾವ್ಲೊವ್ಸ್ಕ್ ಹೊಲದಿಂದ ಗುಂಡಿನ ಸುರಿಮಳೆಯ ನಡುವೆ ಆಲೂಗಡ್ಡೆ ತಳಿಗಳನ್ನು ಅಗೆದು ತಂದರು. ಅವು ಹೆಪ್ಪುಗಟ್ಟದಂತೆ ನೆಲಮಾಳಿಗೆಯಲ್ಲಿ ಒಲೆ ಉರಿಸಿ ಕಾದರು. ಇಲಿಗಳಿಂದ ರಕ್ಷಿಸಲು ಬೀಜಗಳನ್ನು ಲೋಹದ ಡಬ್ಬಗಳಲ್ಲಿ ಇಟ್ಟರು. ಬತ್ತದ ತಜ್ಞ ದಿಮಿತ್ರಿ ಇವಾನೋವ್ ಬತ್ತದ ಪೊಟ್ಟಣಗಳ ನಡುವೆಯೇ ಹಸಿವಿನಿಂದ ಸತ್ತರು. ನೆಲಗಡಲೆಯ ತಜ್ಞ ಅಲೆಕ್ಸಾಂಡರ್ ಶ್ಚುಕಿನ್ ಕೂಡ ಹಾಗೆಯೇ. ಇನ್ನೂ ಹಲವರು ಅದೇ ದಾರಿ ಹಿಡಿದರು. ಒಂದು ಹಿಡಿ ಬೇಯಿಸಿ ತಿನ್ನಬಹುದಾಗಿತ್ತು. ತಿನ್ನಲಿಲ್ಲ. ಎಂಥ ಬರದಲ್ಲೂ ಬಿತ್ತನೆ ಬೀಜಕ್ಕೆ ಕೈಹಾಕಬಾರದೆಂಬುದು ರೈತನ ಮನೆಯ ನಿಯಮ; ಅವರು ಅದನ್ನು ಜಗತ್ತಿನ ಪರವಾಗಿ ಪಾಲಿಸಿದರು.

ಮಿತಿಯನ್ನೂ ಅರಿಯಬೇಕು

ಇಷ್ಟೆಲ್ಲ ಜಾಣ್ಮೆಯಿದ್ದರೂ ಮುತ್ತಿಗೆಯಲ್ಲಿ ಸತ್ತವರ ಸಂಖ್ಯೆ ಆರು ಲಕ್ಷಕ್ಕೂ ಹೆಚ್ಚು. ಹತ್ತು ಲಕ್ಷದವರೆಗೂ ಅಂದಾಜುಗಳಿವೆ. ಬಹುಪಾಲು ಜನ ಸತ್ತದ್ದು ಹಸಿವಿನಿಂದಲೇ. ಲೆಕ್ಕ ಸರಳ. ವಯಸ್ಕರಿಗೆ ದಿನಕ್ಕೆ ಎರಡು ಸಾವಿರ ಕಿಲೋಕ್ಯಾಲೊರಿಗೂ ಹೆಚ್ಚು ಬೇಕು. 125 ಗ್ರಾಂ ಒಳ್ಳೆಯ ಬ್ರೆಡ್ಡಿನಲ್ಲೂ ಇರುವುದು ಸುಮಾರು 300. ಸೂಜಿಯೆಲೆಯ ಕಷಾಯ ಸ್ಕರ್ವಿಯನ್ನು ತಡೆಯಬಲ್ಲದು. ಅನ್ನದ ಜಾಗ ತುಂಬಲಾರದು. ಹೆಪ್ಪುಗಟ್ಟಿದ ಲಾಡೋಗಾ ಸರೋವರದ ಮೇಲೆ 1941ರ ನವೆಂಬರ್ 22ರಿಂದ ಲಾರಿಗಳು ಓಡಿ ಹಿಟ್ಟು ತಂದದ್ದರಿಂದ, ಲಕ್ಷಾಂತರ ಜನರನ್ನು ಅದೇ ದಾರಿಯಲ್ಲಿ ಹೊರಗೆ ಸಾಗಿಸಿದ್ದರಿಂದ ಉಳಿದವರು ಉಳಿದರು. ಕೈಕಸುಬು, ಕಾಡಿನ ಜ್ಞಾನ ಎಲ್ಲವೂ ಆ ಹಿಟ್ಟು ಬರುವವರೆಗೆ, ಬಂದ ಮೇಲೂ, ಉಸಿರು ಹಿಡಿದಿಡಲು ನೆರವಾದವು.

ಇದು ಮುಗಿದುಹೋದ ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. 1992ರಿಂದ 1996ರವರೆಗೆ ಮುತ್ತಿಗೆಗೆ ಸಿಲುಕಿದ ಬೋಸ್ನಿಯದ ಸರಾಯೆವೊ ನಗರದಲ್ಲೂ ಜನ ತಗಡಿನ ಒಲೆ ಮಾಡಿಕೊಂಡರು, ಉದ್ಯಾನದ ಮರ ಕಡಿದರು, ಬಾಲ್ಕನಿಗಳಲ್ಲಿ ತರಕಾರಿ ಬೆಳೆದರು, ಕ್ಯಾನು ಹಿಡಿದು ನೀರಿಗೆ ಸಾಲು ನಿಂತರು. ಅವರೂ ಅಪಾರ್ಟ್‌ಮೆಂಟುಗಳಲ್ಲಿ ವಾಸಿಸುತ್ತಿದ್ದ, ಗುಂಡಿ ಒತ್ತಿದರೆ ದೀಪ ಉರಿಯುತ್ತಿದ್ದ ಜನ.

ಯುದ್ಧ ಯಾರಿಗೂ ಬಾರದಿರಲಿ. ಆದರೆ ಹಿತ್ತಲಲ್ಲಿರುವ ಹತ್ತು ಗಿಡಗಳ ಹೆಸರು, ಅವುಗಳಲ್ಲಿ ತಿನ್ನುವುದಾವುದು ವಿಷದ್ದಾವುದು ಎಂಬ ಗುರುತು, ನೀರು ಸೋಸಿ ಕುದಿಸುವ ಕ್ರಮ, ಮುಂದಿನ ವರ್ಷಕ್ಕೆ ಬೀಜ ಒಣಗಿಸಿಡುವ ಬಗೆ, ಇವು ಅಂಕಪಟ್ಟಿಯಲ್ಲಿ ಕಾಣದ ವಿದ್ಯೆಗಳು. ಪರೀಕ್ಷೆ ಮುಗಿದ ಬೇಸಿಗೆ ರಜೆಯಲ್ಲಿ ತಂದೆತಾಯಂದಿರು ಮಕ್ಕಳನ್ನು ಅಜ್ಜಿಯ ಜೊತೆ ಒಂದು ದಿನ ಸೊಪ್ಪು ಬಿಡಿಸಲು ಕಳಿಸಿದರೆ ಸಸ್ಯಶಾಸ್ತ್ರದ ಒಳ್ಳೆಯ ಪಾಠವೇ ಆದೀತು.