ಯಾವ ಕಬ್ಬು ಮೇಲು?

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವವರು ಮದ್ದೂರನ್ನು ದಾಟಿದ ಮೇಲೆ ಕಿಟಕಿಯ ಹೊರಗೆ ನೋಡಿದರೆ ಹಸುರು ಕಬ್ಬಿನ ಗದ್ದೆಗಳು ಕಣ್ಣಿಗೆ ಬೀಳುವುವು. ಈ ದೃಶ್ಯವು ಬಹು ಪುರಾತನವಾದುದಲ್ಲ. ಸುಮಾರು ನೂರು ವರ್ಷಗಳ ಹಿಂದೆ ಇಲ್ಲಿಯ ನೆಲದ ಬಹುಭಾಗವು ಮಳೆಯನ್ನೇ ನಂಬಿ ರಾಗಿಯನ್ನೂ ಹುರುಳಿಯನ್ನೂ ಬೆಳೆಯುತ್ತಿದ್ದ ಬೆದ್ದಲು. ಕನ್ನಂಬಾಡಿಯ ಬಳಿ ಕಾವೇರಿಗೆ ಅಡ್ಡಲಾಗಿ ಕೃಷ್ಣರಾಜಸಾಗರವನ್ನು ಕಟ್ಟುವ ಕೆಲಸ 1911ರಲ್ಲಿ ಮೊದಲಾಯಿತು. ಅಲ್ಲಿಂದ ಹೊರಟ ಇರ್ವಿನ್ ನಾಲೆಯು 1930ರ ದಶಕದ ಆದಿಯಲ್ಲಿ ಮಂಡ್ಯದ ಸೀಮೆಗೆ ನೀರನ್ನು ತಂದಿತು. ವಿಶ್ವೇಶ್ವರಯ್ಯ ನಾಲೆ ಎಂದು ನಾವು ಇಂದು ಕರೆಯುವುದು ಇದನ್ನೇ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾಯಿತು.

ನೀರು ಬಂದಿತು, ಕಾರ್ಖಾನೆಯೂ ಬಂದಿತು. ನೆಡಬೇಕಾದ ಕಬ್ಬು ಯಾವುದು? ಮೈಸೂರು ಸೀಮೆಯಲ್ಲಿ ರಸದಾಳಿ, ಪಟ್ಟಾಪಟ್ಟಿ, ಮರಕಬ್ಬು, ಕಡ್ಡಿಕಬ್ಬು ಎಂಬ ಹಳೆಯ ತಳಿಗಳಿದ್ದುವು. ಕೊಯಮತ್ತೂರಿನಿಂದ ಹೊಸ ತಳಿಗಳು ಹೊರಬರುತ್ತಿದ್ದುವು. ರಾಗಿಯನ್ನು ಬಲ್ಲ ರೈತನಿಗೆ ಈ ಆಯ್ಕೆ ಸಣ್ಣದಾಗಿರಲಿಲ್ಲ. ಕಬ್ಬು ಸುಮಾರು ಒಂದು ವರ್ಷ ಭೂಮಿಯನ್ನು ಹಿಡಿದಿರುವ ಬೆಳೆ. ಕಟಾವಾದ ಮೇಲೆ ಅದೇ ಬುಡದಿಂದ ಕೂಳೆ ಬೆಳೆಯನ್ನೂ ತೆಗೆಯುವುದುಂಟು. ಒಂದು ಹೆಕ್ಟೇರಿಗೆ ಏಳೆಂಟು ಟನ್ನು ಬಿತ್ತನೆಯ ಕಬ್ಬು ಬೇಕು. ಆಯ್ಕೆ ತಪ್ಪಿದರೆ ಅದರ ಫಲವನ್ನು ಎರಡು ಮೂರು ವರ್ಷಗಳ ಕಾಲ ಉಣ್ಣಬೇಕಾಗುವುದು.

‘ಎರಡು ಬಗೆಯ ಕಬ್ಬನ್ನು ನೆಟ್ಟು, ಕಡಿದು, ತೂಗಿ ನೋಡಿದರೆ ತೀರಿತು’ ಎಂದು ವಾಚಕರು ಹೇಳಬಹುದು. ಭೌತಶಾಸ್ತ್ರವನ್ನು ಬೋಧಿಸುವ ನಾವೂ ಮೊದಲು ಹಾಗೆಯೇ ಎಣಿಸಿದ್ದೆವು. ವಿಚಾರ ಮಾಡಿದಂತೆಲ್ಲ, ನಮ್ಮ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಅಳತೆಯ ವಿಷಯವಾಗಿ ನಾವು ಹೇಳುವ ಎಚ್ಚರಿಕೆಗಳೆಲ್ಲವೂ ಕಬ್ಬಿನ ಗದ್ದೆಗೂ ಅನ್ವಯಿಸುವುವೆಂಬುದು ತಿಳಿಯಿತು.

ತಳಿ ಎಂದರೇನು?

ಕಬ್ಬನ್ನು ಬೀಜದಿಂದ ಬೆಳೆಯುವ ವಾಡಿಕೆಯಿಲ್ಲ. ಗೆಣ್ಣಿನಲ್ಲಿ ಕಣ್ಣುಳ್ಳ ತುಂಡುಗಳನ್ನು ನೆಡುತ್ತೇವೆ. ಆದುದರಿಂದ ಒಂದು ತಳಿಯ ಕಬ್ಬುಗಳೆಲ್ಲವೂ ಮೂಲದಲ್ಲಿ ಒಂದೇ ಸಸಿಯ ತುಂಡುಗಳು. ಆದರೆ ಹೊಸ ತಳಿಯನ್ನು ಪಡೆಯಲು ಹೂವೂ ಬೀಜವೂ ಬೇಕೇ ಬೇಕು. ಉತ್ತರ ಭಾರತದ ಚಳಿಯ ಸೀಮೆಯಲ್ಲಿ ಕಬ್ಬು ಸೂಲಂಗಿ ಬಿಟ್ಟು ಬೀಜ ಕಟ್ಟುವುದು ಕಷ್ಟ. ಸುಮಾರು 11 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಕೊಯಮತ್ತೂರಿನಲ್ಲಿ ಅದು ಸುಲಭ. 1912ರಲ್ಲಿ ಕಬ್ಬಿನ ತಳಿ ಸಂವರ್ಧನ ಕೇಂದ್ರವನ್ನು ಅಲ್ಲಿ ತೆರೆದುದಕ್ಕೆ ಇದು ಮುಖ್ಯ ಕಾರಣ. ಬಾರ್ಬರ್ ಎಂಬವರೂ ಅವರ ತರುವಾಯ ಟಿ. ಎಸ್. ವೆಂಕಟರಾಮನ್ ಎಂಬವರೂ ಅಲ್ಲಿ ನಾಡಕಬ್ಬನ್ನು ಕಾಶವೆಂಬ ಕಾಡುಹುಲ್ಲಿನೊಡನೆ ಸಂಕರಗೊಳಿಸಿದರು. ಕಬ್ಬಿನಿಂದ ಸಿಹಿಯನ್ನೂ ಹುಲ್ಲಿನಿಂದ ಗಟ್ಟಿತನವನ್ನೂ ಪಡೆಯುವುದು ಅವರ ಉದ್ದೇಶ. 1918ರಲ್ಲಿ ಪಂಜಾಬಿಗಾಗಿ ಬಿಡುಗಡೆಯಾದ ಸಿ.ಓ. 205 ಈ ಪ್ರಯತ್ನದ ಮೊದಲ ಫಲ. ‘ಸಿ.ಓ.’ ಎಂಬುದು ಕೊಯಮತ್ತೂರಿನ ಸಂಕೇತ.

ಮುಂದೆ ಜಾವಾದ ಪ್ರಸಿದ್ಧವಾದ ಪಿ.ಓ.ಜೆ. 2878 ಎಂಬ ತಳಿಯನ್ನು ಸಿ.ಓ. 290ರೊಡನೆ ಕೂಡಿಸಿದುದರಿಂದ ಸಿ.ಓ. 419 ಹುಟ್ಟಿತು. ಇದು ದಕ್ಷಿಣ ಭಾರತದ ಕಬ್ಬಿನ ಸೀಮೆಗಳಲ್ಲಿ ಹಲವು ದಶಕಗಳ ಕಾಲ ಮೆರೆಯಿತು. ಸಿ.ಓ. 205 ಪಂಜಾಬಿಗೆ ಸಲ್ಲುವುದು, ಸಿ.ಓ. 419 ದಕ್ಷಿಣಕ್ಕೆ ಸಲ್ಲುವುದು. ಎರಡೂ ಕೊಯಮತ್ತೂರಿನಲ್ಲಿಯೇ ಹುಟ್ಟಿದುವು. ತಳಿ ಹುಟ್ಟಿದ ಸ್ಥಳವನ್ನು ನೋಡಿ ಅದು ಎಲ್ಲಿ ಚೆನ್ನಾಗಿ ಬೆಳೆದೀತೆಂದು ಹೇಳಲಾಗದು. ಬೆಳೆಯಬೇಕಾದ ನೆಲದಲ್ಲಿಯೇ ಪರೀಕ್ಷಿಸಬೇಕು. ಮಂಡ್ಯದ ಬಳಿಯ ವಿ.ಸಿ. ಫಾರಂ ಎಂಬ ಸಂಶೋಧನಾ ಕ್ಷೇತ್ರದ ಹೆಸರಿನಲ್ಲಿಯೇ ವಿಶ್ವೇಶ್ವರಯ್ಯ ನಾಲೆಯ ಹೆಸರು ಅಡಗಿರುವುದನ್ನು ವಾಚಕರು ಗಮನಿಸಬಹುದು.

ಗದ್ದೆ ಎಲ್ಲೆಡೆಯೂ ಒಂದೇ ಅಲ್ಲ

ಈಗ ‘ಕ’ ಮತ್ತು ‘ಚ’ ಎಂಬ ಎರಡು ತಳಿಗಳನ್ನು ಹೋಲಿಸಬೇಕಾಗಿದೆ ಎಂದು ಭಾವಿಸೋಣ. ಗದ್ದೆಯ ಮೇಲ್ಭಾಗದಲ್ಲಿ ‘ಕ’ವನ್ನೂ ಕೆಳಭಾಗದಲ್ಲಿ ‘ಚ’ವನ್ನೂ ನೆಟ್ಟೆವು. ಕಟಾವಿನಲ್ಲಿ ‘ಕ’ ಹೆಚ್ಚು ತೂಗಿತು. ಆದರೆ ಮೇಲ್ಭಾಗಕ್ಕೆ ತೂಬಿನ ನೀರು ಮೊದಲು ತಲುಪುವುದು. ಕೆಳಭಾಗದಲ್ಲಿ ನೀರು ನಿಂತು ನೆಲ ಜೌಗಾಗಿರಬಹುದು. ಹಿಂದೆ ಒಂದು ಮೂಲೆಯಲ್ಲಿ ತಿಪ್ಪೆಯಿದ್ದಿರಬಹುದು. ಗೆದ್ದುದು ತಳಿಯೋ ನೆಲವೋ ಹೇಳುವವರು ಯಾರು?

ಇದಕ್ಕೆ ಉತ್ತಮವಾದ ಉಪಾಯವನ್ನು ರೂಪಿಸಿದವರು ಆರ್. ಎ. ಫಿಷರ್. ಅವರು 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರವನ್ನು ಸೇರಿದರು. ಅವರ ವಿಧಾನ ಹೀಗಿದೆ: ಗದ್ದೆಯನ್ನು ಕೆಲವು ಪಟ್ಟಿಗಳಾಗಿ ವಿಭಾಗಿಸಬೇಕು. ಒಂದೊಂದು ಪಟ್ಟಿಯೊಳಗಿನ ನೆಲ ಆದಷ್ಟು ಮಟ್ಟಿಗೆ ಒಂದೇ ತೆರನಾಗಿರಬೇಕು. ಪ್ರತಿ ಪಟ್ಟಿಯಲ್ಲಿಯೂ ಎಲ್ಲ ತಳಿಗಳಿಗೆ ಒಂದೊಂದು ತಾಕನ್ನು ಕೊಡಬೇಕು. ಯಾವ ತಾಕು ಯಾವ ತಳಿಗೆ ಎಂಬುದನ್ನು ನಮ್ಮ ಇಷ್ಟದಂತೆ ನಿರ್ಧರಿಸದೆ ಚೀಟಿ ಎತ್ತಿ ನಿರ್ಧರಿಸಬೇಕು. ಆಗ ನಮಗೆ ತಿಳಿಯದ ನೆಲದ ಗುಣದೋಷಗಳು ಯಾವ ತಳಿಯ ಪಕ್ಷವನ್ನೂ ಬೇಕೆಂದೇ ವಹಿಸಲಾರವು.

ಇಷ್ಟಾದರೂ ಎಚ್ಚರಿಕೆ ಮುಗಿಯಲಿಲ್ಲ. ತಾಕಿನ ಅಂಚಿನ ಕಬ್ಬಿಗೆ ಬೆಳಕೂ ಗೊಬ್ಬರವೂ ಒಳಗಿನ ಕಬ್ಬಿಗಿಂತ ಹೆಚ್ಚಾಗಿ ದೊರಕುವುವು. ಎತ್ತರವಾದ ತಳಿ ಪಕ್ಕದ ಗಿಡ್ಡ ತಳಿಯ ಮೇಲೆ ನೆರಳು ಚೆಲ್ಲುವುದು. ಆದುದರಿಂದ ಅಂಚಿನ ಸಾಲುಗಳನ್ನು ಬಿಟ್ಟು ನಡುವಿನ ಸಾಲುಗಳನ್ನು ಮಾತ್ರ ತೂಗುವರು. ಬಿತ್ತನೆಯ ತುಂಡುಗಳೂ ಒಂದೇ ವಯಸ್ಸಿನವಾಗಿ ರೋಗವಿಲ್ಲದವಾಗಿರಬೇಕು. ಒಂದು ತಳಿಗೆ ಎಳೆಯ ಕಬ್ಬಿನ ತುಂಡು, ಇನ್ನೊಂದಕ್ಕೆ ಬಲಿತು ಒಣಗಿದ ತುಂಡು ಎಂದಾದರೆ ಸ್ಪರ್ಧೆಯು ಓಟ ಮೊದಲಾಗುವ ಮುನ್ನವೇ ಕೆಟ್ಟಿತು.

ತಾಕಿನ ಅಳತೆ 40 ಚದರ ಮೀಟರ್ ಎಂದುಕೊಳ್ಳೋಣ. ಇಂಥ 250 ತಾಕುಗಳು ಸೇರಿದರೆ ಒಂದು ಹೆಕ್ಟೇರ್. ತೂಕದಲ್ಲಿ 20 ಕಿಲೋಗ್ರಾಂ ತಪ್ಪಿದರೆ, ಅಂದರೆ ಒಂದೆರಡು ಹೊರೆ ಕಬ್ಬು ಲೆಕ್ಕಕ್ಕೆ ಬಾರದೆ ಹೋದರೆ, ಹೆಕ್ಟೇರಿನ ಲೆಕ್ಕದಲ್ಲಿ ಆ ತಪ್ಪು 250 ಪಟ್ಟು ಬೆಳೆದು 5 ಟನ್ನಾಗುವುದು!

ಸರಾಸರಿಯನ್ನು ನಂಬಬಹುದೇ?

ಐದು ಪಟ್ಟಿಗಳಲ್ಲಿ ಪ್ರಯೋಗ ನಡೆಯಿತೆನ್ನೋಣ. ಮುಂದಿನ ಸಂಖ್ಯೆಗಳು ವಿವರಣೆಗಾಗಿ ನಾವೇ ಕಲ್ಪಿಸಿದುವು. ‘ಕ’ ತಳಿಯ ಇಳುವರಿ ಹೆಕ್ಟೇರಿಗೆ 104, 118, 97, 110, 121 ಟನ್ನು, ಸರಾಸರಿ 110. ‘ಚ’ ತಳಿಯದು ಅದೇ ಪಟ್ಟಿಗಳಲ್ಲಿ 98, 111, 92, 104, 115; ಸರಾಸರಿ 104. ಪಟ್ಟಿಯಿಂದ ಪಟ್ಟಿಗೆ ‘ಕ’ ತಳಿಯ ಇಳುವರಿಯೇ 24 ಟನ್ನಿನಷ್ಟು ಏರಿಳಿದಿದೆ. ಆದರೆ ಒಂದೊಂದು ಪಟ್ಟಿಯೊಳಗಿನ ವ್ಯತ್ಯಾಸವನ್ನು ನೋಡಿರಿ: 6, 7, 5, 6, 6. ನೆಲ ಒಳ್ಳೆಯದಿರಲಿ, ಕೆಟ್ಟದಿರಲಿ, ‘ಕ’ ಸುಮಾರು 6 ಟನ್ನು ಮುಂದಿದೆ. ಇಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಇನ್ನೊಂದು ಕಡೆ ‘ಚ’ ತಳಿಯು 86, 128, 82, 114, 110 ಟನ್ನು ಕೊಟ್ಟಿತೆಂದು ಭಾವಿಸಿರಿ. ಸರಾಸರಿ ಈಗಲೂ 104. ಆದರೆ ‘ಕ’ ತಳಿಯ ಮುನ್ನಡೆ ಕ್ರಮವಾಗಿ 18, −10, 15, −4, 11. ಎರಡು ಪಟ್ಟಿಗಳಲ್ಲಿ ‘ಚ’ವೇ ಗೆದ್ದಿದೆ. ಸರಾಸರಿ ಮುನ್ನಡೆ 6 ಟನ್ನೇ ಆದರೂ, ಲೆಕ್ಕ ಮಾಡಿ ನೋಡಿದರೆ ಆ ಸರಾಸರಿಯ ಪ್ರಮಾಣ ದೋಷವು ಸುಮಾರು 5.5 ಟನ್ನಾಗುವುದು. ವ್ಯತ್ಯಾಸವೂ ಅದರ ಅನಿಶ್ಚಿತತೆಯೂ ಹೆಚ್ಚುಕಡಿಮೆ ಸಮವಾಗಿರುವಾಗ ‘ಕ’ವೇ ಮೇಲೆಂದು ಸಾರುವುದು ಸಾಹಸ. ಎರಡು ಪ್ರಯೋಗಗಳಲ್ಲಿಯೂ ಸರಾಸರಿಗಳು ಒಂದೇ, ತೀರ್ಪುಗಳು ಮಾತ್ರ ಬೇರೆ. ತಂತಿಯ ದಪ್ಪವನ್ನು ಸ್ಕ್ರೂಗೇಜಿನಿಂದ ಹಲವು ಸಲ ಅಳೆಯಿರಿ ಎಂದಾಗ ‘ಒಂದು ಸಲ ಸಾಲದೆ?’ ಎಂದು ಕೇಳುವ ವಿದ್ಯಾರ್ಥಿಗಳಿಗೆ ಇದು ಉತ್ತರವಾದೀತು.

ತೂಕವೇ ಸಕ್ಕರೆಯಲ್ಲ

ಮೊದಲನೆಯ ಪ್ರಯೋಗದಂತೆ ‘ಕ’ ನಿಜವಾಗಿಯೂ ಹೆಚ್ಚು ತೂಗುವುದೆಂದು ಒಪ್ಪೋಣ. ಆದರೆ ಕಾರ್ಖಾನೆಗೆ ಬೇಕಾದುದು ಸಕ್ಕರೆ. ರಸದಲ್ಲಿ ಸಕ್ಕರೆ ಎಷ್ಟಿದೆ ಎಂದು ತಿಳಿಯಲು ಬೆಳಕು ನೆರವಾಗುವುದು.

ನೀರಿನಲ್ಲಿ ಮುಳುಗಿಸಿದ ಕೋಲು ಬಾಗಿದಂತೆ ತೋರುವುದನ್ನು ಎಲ್ಲರೂ ಬಲ್ಲರು. ನೀರಿನ ವಕ್ರೀಭವನಾಂಕ 1.333. ನೂರು ಗ್ರಾಂ ದ್ರಾವಣದಲ್ಲಿ 20 ಗ್ರಾಂ ಸಕ್ಕರೆಯಿದ್ದರೆ ಅದು ಸುಮಾರು 1.364ಕ್ಕೆ ಏರುವುದು. ಈ ತತ್ತ್ವದ ಮೇಲೆ ರಚಿತವಾದ ಕೈ ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಒಂದೆರಡು ಹನಿ ರಸವನ್ನಿಟ್ಟು ಬೆಳಕಿನ ಕಡೆಗೆ ಹಿಡಿದರೆ ಅದರ ಬ್ರಿಕ್ಸ್ ಅಂಶವನ್ನು ಗದ್ದೆಯಲ್ಲಿಯೇ ಓದಬಹುದು. ಆದರೆ ಈ ಉಪಕರಣಕ್ಕೆ ಸಕ್ಕರೆಗೂ ರಸದಲ್ಲಿ ಕರಗಿರುವ ಲವಣಗಳೇ ಮುಂತಾದುವಕ್ಕೂ ಭೇದ ತಿಳಿಯದು. ಅದು ಕರಗಿದ ಪದಾರ್ಥಗಳೆಲ್ಲವನ್ನೂ ಒಟ್ಟಾಗಿ ಎಣಿಸುವುದು.

ಆದುದರಿಂದ ಪ್ರಯೋಗಶಾಲೆಯಲ್ಲಿ ಪೋಲಾರಿಮೀಟರನ್ನು ಬಳಸುವರು. ಒಂದೇ ತಲದಲ್ಲಿ ಕಂಪಿಸುವ ಬೆಳಕನ್ನು ಸಕ್ಕರೆಯ ದ್ರಾವಣದ ಮೂಲಕ ಹಾಯಿಸಿದರೆ ಆ ತಲವು ಬಲಕ್ಕೆ ತಿರುಗುವುದು. 100 ಮಿಲಿಲೀಟರಿನಲ್ಲಿ 26 ಗ್ರಾಂ ಶುದ್ಧ ಸಕ್ಕರೆಯಿರುವ ದ್ರಾವಣವನ್ನು 20 ಸೆಂಟಿಮೀಟರ್ ಉದ್ದದ ಕೊಳವೆಯಲ್ಲಿ ತುಂಬಿದರೆ ತಿರುಗುವ ಕೋನ ಸುಮಾರು 34.6 ಡಿಗ್ರಿ. ಕೋನವನ್ನಳೆದು ಸಕ್ಕರೆಯ ಪ್ರಮಾಣವನ್ನು ಕಂಡುಕೊಳ್ಳಬಹುದು. ರಸದ ಬ್ರಿಕ್ಸ್ 20 ಆಗಿದ್ದು, ಹೀಗೆ ಅಳೆದ ಸಕ್ಕರೆ 17 ಆಗಿದ್ದರೆ ರಸದ ಶುದ್ಧತೆ ಶೇಕಡ 85. ಶುದ್ಧತೆ ಕುಗ್ಗಿದಷ್ಟೂ ಸಕ್ಕರೆ ಹರಳುಗಟ್ಟದೆ ಕಾಕಂಬಿಯಲ್ಲಿ ಉಳಿದುಹೋಗುವುದು.

‘ಕ’ ತಳಿಯಿಂದ ಶೇಕಡ 10.5ರಷ್ಟೂ ‘ಚ’ ತಳಿಯಿಂದ ಶೇಕಡ 11.5ರಷ್ಟೂ ಸಕ್ಕರೆ ದೊರೆಯಿತೆಂದುಕೊಳ್ಳೋಣ. 110 ಟನ್ನಿನಿಂದ 11.55 ಟನ್ನು, 104 ಟನ್ನಿನಿಂದ 11.96 ಟನ್ನು. ತೂಕದಲ್ಲಿ ಸೋತ ತಳಿ ಸಕ್ಕರೆಯಲ್ಲಿ ಗೆದ್ದಿತು! ಕಬ್ಬನ್ನು ತೂಕದ ಮೇಲೆ ಮಾರುವ ರೈತನಿಗೆ ‘ಕ’ ಮೇಲು, ಅರೆಯುವ ಕಾರ್ಖಾನೆಗೆ ‘ಚ’ ಮೇಲು. ಆಲೆಮನೆಯವನನ್ನು ಕೇಳಿದರೆ ಬೆಲ್ಲದ ಬಣ್ಣವನ್ನೂ ಗಟ್ಟಿತನವನ್ನೂ ನೋಡಬೇಕೆನ್ನುವನು. ‘ಮೇಲು’ ಎಂಬ ಮಾತಿಗೆ ಯಾರ ದೃಷ್ಟಿಯಿಂದ ಎಂಬುದನ್ನು ಸೇರಿಸದೆ ಅರ್ಥ ಪೂರ್ಣವಾಗದು.

ಕಾಲವೂ ಇಲ್ಲಿ ಮುಖ್ಯ. ಕೆಲವು ತಳಿಗಳು ಬೇಗ ಮಾಗುವುವು, ಕೆಲವು ತಡವಾಗಿ ಮಾಗುವುವು. ಒಂದೇ ದಿನ ಎಲ್ಲವನ್ನೂ ಕಡಿದು ತೀರ್ಪು ಕೊಟ್ಟರೆ ತಡವಾಗಿ ಮಾಗುವ ತಳಿಗೆ ಅನ್ಯಾಯವಾಗುವುದು. ಆದುದರಿಂದ ಹತ್ತನೆಯ ತಿಂಗಳಿನಿಂದಲೇ ಆಗಾಗ ರಸವನ್ನು ಪರೀಕ್ಷಿಸುತ್ತ ಹೋಗುವುದು ಒಳ್ಳೆಯದು. ಕಬ್ಬಿನ ಬುಡದಲ್ಲಿ ಸಿಹಿ ಹೆಚ್ಚು, ತುದಿಯಲ್ಲಿ ಕಡಿಮೆ. ಆದುದರಿಂದ ಇಡೀ ಜಲ್ಲೆಗಳನ್ನೇ ಅರೆಯಬೇಕು. ಕಡಿದ ಕಬ್ಬನ್ನು ಬಿಸಿಲಿನಲ್ಲಿ ಬಿಟ್ಟರೆ ತೂಕವೂ ಸಕ್ಕರೆಯೂ ಇಳಿಯುವುದರಿಂದ ತಡಮಾಡಲೂ ಬಾರದು.

ಒಂದು ವರ್ಷದ ಗೆಲುವು ಸಾಲದು

ಒಂದು ವರ್ಷ ಮಳೆ ಹದವಾಗಿರುವುದು, ಇನ್ನೊಂದು ವರ್ಷ ನಾಲೆಯ ನೀರು ಸಾಲದೆ ಹೋಗುವುದು. ಮೊದಲ ಬೆಳೆಯಲ್ಲಿ ಮುಂದಿದ್ದ ತಳಿಯು ಕೂಳೆಯಲ್ಲಿ ಹಿಂದೆ ಬೀಳಬಹುದು. ನಮ್ಮ ದೇಶದ ಅಖಿಲ ಭಾರತ ಸಮನ್ವಯ ಪರೀಕ್ಷೆಗಳ ಮುಂದುವರಿದ ಹಂತದಲ್ಲಿ ಹೊಸ ತಳಿಗಳನ್ನು ಹಲವು ಕೇಂದ್ರಗಳಲ್ಲಿ ಎರಡು ತನಿ ಬೆಳೆ, ಒಂದು ಕೂಳೆ ಬೆಳೆಗಳಲ್ಲಿ ಹೋಲಿಸುವುದು ಇದಕ್ಕಾಗಿಯೇ. ಕರ್ನಾಟಕದ ರೈತರಿಗೆ ಪರಿಚಿತವಾದ ಸಿ.ಓ. 86032 ಎಂಬ ತಳಿಯ ಹೆಸರಿನ ಮೊದಲೆರಡು ಅಂಕಿಗಳು 1986ನೆಯ ಇಸವಿಯನ್ನು ಸೂಚಿಸುವುವು. ಅದು ಬಿಡುಗಡೆಯಾದುದು 2000ದಲ್ಲಿ. ನಡುವಣ ಹದಿನಾಲ್ಕು ವರ್ಷಗಳಲ್ಲಿ ಬಹುಭಾಗವು ಬಿತ್ತನೆಯನ್ನು ಹೆಚ್ಚಿಸುವುದರಲ್ಲಿಯೂ ಇಂಥ ಹೋಲಿಕೆಗಳಲ್ಲಿಯೂ ಕಳೆಯಿತು.

ಇಷ್ಟೆಲ್ಲ ಪರೀಕ್ಷಿಸಿದ ಮೇಲೂ ಗೆದ್ದ ತಳಿಯೊಂದನ್ನೇ ಎಲ್ಲೆಡೆಯೂ ನೆಡುವುದು ಕ್ಷೇಮವಲ್ಲ. ಒಂದು ತಳಿಯ ಕಬ್ಬುಗಳೆಲ್ಲವೂ ಒಂದೇ ಸಸಿಯ ತುಂಡುಗಳೆಂದು ಮೊದಲೇ ಹೇಳಿದೆವು. ಒಂದಕ್ಕೆ ತಗಲುವ ರೋಗ ಎಲ್ಲಕ್ಕೂ ತಗಲಬಲ್ಲುದು. 2009ರಲ್ಲಿ ಬಿಡುಗಡೆಯಾದ ಸಿ.ಓ. 0238 ಉತ್ತರ ಪ್ರದೇಶದಲ್ಲಿ ತೂಕದಲ್ಲಿಯೂ ಸಕ್ಕರೆಯಲ್ಲಿಯೂ ಹೆಸರು ಮಾಡಿ ಅಲ್ಲಿಯ ಕಬ್ಬಿನ ಭೂಮಿಯ ಬಹುಪಾಲನ್ನು ಆಕ್ರಮಿಸಿತು. ಮುಂದೆ ಕೆಂಪು ಕೊಳೆ ರೋಗವು ಅದಕ್ಕೆ ತಗಲಿತು. ಎಷ್ಟೋ ರೈತರು ಬೆಳೆಯನ್ನು ಕಳೆದುಕೊಂಡು ಬೇರೆ ತಳಿಗಳನ್ನು ಹುಡುಕಬೇಕಾಯಿತು. ಪರೀಕ್ಷೆಯ ವರ್ಷಗಳಲ್ಲಿ ತೋರದ ದೌರ್ಬಲ್ಯವು ಲಕ್ಷಾಂತರ ಹೆಕ್ಟೇರುಗಳಿಗೆ ಹರಡಿದ ಮೇಲೆ ತೋರಿತು. ಹೋಲಿಕೆಯ ಕೆಲಸವು ಒಮ್ಮೆ ಮಾಡಿ ಮುಗಿಸತಕ್ಕದ್ದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಈ ಪರೀಕ್ಷೆಯ ಸಾರವನ್ನು ರೈತನ ಹೊಲದಲ್ಲಿಯೂ ಬಳಸಬಹುದು. ನಮ್ಮ ವಾಚಕರಲ್ಲಿ ಕಬ್ಬು ಬೆಳೆಯುವ ಮನೆಗಳಿಂದ ಬಂದವರು ಹಲವರಿರಬೇಕು. ಮನೆಗೆ ಹೊಸ ತಳಿಯೊಂದು ಬರುವಾಗ ಗದ್ದೆಯನ್ನೆಲ್ಲ ಅದಕ್ಕೆ ಒಪ್ಪಿಸುವ ಮೊದಲು ಒಂದು ಭಾಗದಲ್ಲಿ ಅದನ್ನೂ ಹಳೆಯ ತಳಿಯನ್ನೂ ಅಕ್ಕಪಕ್ಕದಲ್ಲಿ, ನಾಲ್ಕೈದು ಕಡೆ, ಚೀಟಿ ಎತ್ತಿ ನೆಡಿಸಿರಿ. ಗೊಬ್ಬರ ಮತ್ತು ನೀರು ಎರಡಕ್ಕೂ ಸಮನಾಗಿರಲಿ. ಅಂಚನ್ನು ಬಿಟ್ಟು ತೂಗಿ, ಪ್ರತಿಯೊಂದು ಕಡೆಯ ವ್ಯತ್ಯಾಸವನ್ನೂ ಬರೆದಿಡಿರಿ. ಕೂಳೆ ಬೆಳೆಯಲ್ಲಿಯೂ ಹಾಗೆಯೇ ಮಾಡಿರಿ. ಯಾವ ಕಬ್ಬು ಮೇಲೆಂದು ಆಗ ಯಾರಾದರೂ ಕೇಳಿದರೆ, ನಮ್ಮ ಗದ್ದೆಯಲ್ಲಿ, ಈ ಎರಡು ವರ್ಷಗಳಲ್ಲಿ, ಇಷ್ಟು ಕಡೆಗಳಲ್ಲಿ ಇದು ಮೇಲಾಯಿತೆಂದು ನೀವು ಧೈರ್ಯವಾಗಿ ಹೇಳಬಹುದು.