ಅಡ್ಡಬಿದ್ದ ಫೋಟೊ ನೆಟ್ಟಗಾಗುವ ಬಗೆ

ಫೋನಿನಲ್ಲಿ ನೆಟ್ಟಗೆ ನಿಂತ ಫೋಟೊ ಕಂಪ್ಯೂಟರಿಗೆ ಬಂದೊಡನೆ ಅಡ್ಡ ಮಲಗುವುದರ ಮೂಲ ಇರುವುದು ಕ್ಯಾಮೆರಾದ ಸೆನ್ಸರಿನಲ್ಲಿ. ಅದು ಫೋನಿನೊಳಗೆ ಕದಲದಂತೆ ಕೂರಿಸಿದ ಆಯತಾಕಾರದ ಚಿಪ್. ಫೋನನ್ನು ಹೇಗೆ ಹಿಡಿದರೂ ಅದು ಬೆಳಕನ್ನು ಓದುವುದು ತನ್ನದೇ ಸಾಲುಗಳ ಕ್ರಮದಲ್ಲಿ. ಹಾಗಾಗಿ ನಿಂತ ಮನುಷ್ಯನ ಚಿತ್ರಕ್ಕೆಂದು ಫೋನನ್ನು ಉದ್ದಕ್ಕೆ ಹಿಡಿದರೂ ಫೈಲಿನಲ್ಲಿ ದಾಖಲಾಗುವುದು ಹೆಚ್ಚಿನ ಸಲ ಮಲಗಿದ ಮನುಷ್ಯನೇ. ಜೊತೆಗೆ ಕ್ಯಾಮೆರಾ ಒಂದು ಚೀಟಿ ಅಂಟಿಸುತ್ತದೆ: ತೋರಿಸುವಾಗ ಬಲಕ್ಕೆ ಕಾಲು ಸುತ್ತು ತಿರುಗಿಸಿ ತೋರಿಸು, ಎಂದು. ತೆಗೆದ ದಿನಾಂಕ, ಶಟರ್ ವೇಗ ಮುಂತಾದವನ್ನು ಹೊತ್ತಿರುವ ಎಕ್ಸಿಫ್ ಎಂಬ ಭಾಗದಲ್ಲಿ ಈ ಚೀಟಿಗೂ ಜಾಗವಿದೆ. ಅದರ ಹೆಸರು ಓರಿಯೆಂಟೇಶನ್. 1ರಿಂದ 8ರವರೆಗಿನ ಒಂದು ಅಂಕಿ, ಅಷ್ಟೆ. 1 ಎಂದರೆ ಇದ್ದಂತೆ ತೋರಿಸು, 6 ಎಂದರೆ ಬಲಕ್ಕೆ 90 ಡಿಗ್ರಿ, 8 ಎಂದರೆ ಎಡಕ್ಕೆ 90, 3 ಎಂದರೆ ತಲೆಕೆಳಗು ಮಾಡು. ಉಳಿದ ನಾಲ್ಕು, ಕನ್ನಡಿಯ ಬಿಂಬದಂತೆ ಮಗುಚಿದ ಚಿತ್ರಗಳಿಗೆ.

ಚೀಟಿ ಓದುವ ತಂತ್ರಾಂಶದಲ್ಲಿ ಫೋಟೊ ನೆಟ್ಟಗಿರುತ್ತದೆ, ಓದದ ಕಡೆ ಮಲಗುತ್ತದೆ. ವಿಂಡೋಸ್ 7ರ ಫೋಟೊ ವ್ಯೂವರ್ ಓದುತ್ತಿರಲಿಲ್ಲ. ವಿಂಡೋಸ್ 8ರಿಂದ ಅದು ಸರಿಹೋಯಿತು. ಜಾಲತಾಣದ ಪುಟಗಳಲ್ಲಿ ಚೀಟಿಗೆ ಬೆಲೆ ಕೊಡುವುದನ್ನು ಕ್ರೋಮ್, ಫೈರ್‌ಫಾಕ್ಸ್‌ನಂಥ ಬ್ರೌಸರುಗಳು ಸಹಜ ನಡೆಯಾಗಿಸಿಕೊಂಡದ್ದು 2020ರಲ್ಲಷ್ಟೆ. ಚೀಟಿಯೇ ತಪ್ಪಾಗಿರುವುದೂ ಉಂಟು. ಫೋನು ಮೇಲು ಕೆಳಗನ್ನು ಅರಿಯುವುದು ಭೂಮಿಯ ಸೆಳೆತದಿಂದ. ಮೇಜಿನ ಮೇಲೆ ಪಹಣಿಯನ್ನೋ ಅಂಕಪಟ್ಟಿಯನ್ನೋ ಹರವಿ, ಫೋನನ್ನು ನೆಲಕ್ಕೆ ಸಮನಾಗಿ ಹಿಡಿದು ಕ್ಲಿಕ್ಕಿಸಿದಾಗ ಆ ಸೆಳೆತ ಯಾವ ಸುಳಿವನ್ನೂ ಕೊಡದು. ಕಾಗದಪತ್ರಗಳ ಫೋಟೊಗಳೇ ಹೆಚ್ಚಾಗಿ ಅಡ್ಡಬೀಳುವುದು ಇದರಿಂದ.

ಫೋಟೊ ತಿರುಗಿಸುವ ಅತಿ ಅಗ್ಗದ ದಾರಿ ಈ ಅಂಕಿಯೊಂದನ್ನೇ ಬದಲಿಸುವುದು. ಚಿತ್ರದ ಒಂದು ಚುಕ್ಕಿಯೂ ಅಲುಗುವುದಿಲ್ಲ, ನಷ್ಟದ ಮಾತೇ ಇಲ್ಲ. ಆದರೆ ಫೋಟೊ ಮುಂದೆ ಯಾವ ಅರ್ಜಿಯ ಜಾಲತಾಣಕ್ಕೆ, ಯಾವ ಮುದ್ರಣದಂಗಡಿಯ ಹಳೆಯ ಕಂಪ್ಯೂಟರಿಗೆ ಹೋಗುತ್ತದೋ, ಅಲ್ಲಿ ಚೀಟಿ ಓದುವವರಿದ್ದಾರೆಂಬ ಭರವಸೆಯೂ ಇಲ್ಲ. ಚಿತ್ರವನ್ನೇ ನಿಜವಾಗಿ ತಿರುಗಿಸಿಬಿಡೋಣ ಎಂದು ಹೊರಟಾಗ ಗುಣಮಟ್ಟದ ಪ್ರಶ್ನೆ ಏಳುತ್ತದೆ. ಅದರ ಉತ್ತರ ಜೆಪೆಗ್ ಎಂಬ ಫೈಲಿನ ಒಳರಚನೆಯಲ್ಲಿದೆ.

1992ರಲ್ಲಿ ಅಂಗೀಕಾರವಾದ ಜೆಪೆಗ್ ಮಾನದಂಡವು ಚಿತ್ರವನ್ನು ಅಡ್ಡ 8, ಉದ್ದ 8 ಚುಕ್ಕಿಗಳ ಪುಟ್ಟ ಚೌಕಗಳಾಗಿ ಕತ್ತರಿಸುತ್ತದೆ. 4000 ಚುಕ್ಕಿ ಅಗಲ, 3000 ಚುಕ್ಕಿ ಎತ್ತರದ ಫೋಟೊ ಎಂದರೆ 1,87,500 ಚೌಕಗಳು. ಪ್ರತಿ ಚೌಕದ 64 ಚುಕ್ಕಿಗಳ ಹೊಳಪನ್ನು ಬೇರೆ 64 ಸಂಖ್ಯೆಗಳಾಗಿ ಮಾರ್ಪಡಿಸಲಾಗುತ್ತದೆ: ಮೊದಲನೆಯದು ಚೌಕದ ಸರಾಸರಿ ಹೊಳಪು, ಉಳಿದವು ಆ ಚೌಕದಲ್ಲಿ ಅಡ್ಡಕ್ಕೆ ಎಷ್ಟು ಏರಿಳಿತ, ಉದ್ದಕ್ಕೆ ಎಷ್ಟು ಏರಿಳಿತ ಎಂಬ ಲೆಕ್ಕ. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಈ ಗಣಿತ ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹ್ಮದ್ ಅವರ ಕೊಡುಗೆ. ಇಲ್ಲಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದ ಅವರು, ಕಾನ್ಸಾಸ್‌ನಲ್ಲಿ ಅಧ್ಯಾಪಕರಾಗಿದ್ದಾಗ 1972ರಲ್ಲಿ ಈ ಸಂಶೋಧನೆಗೆ ಸರ್ಕಾರಿ ಅನುದಾನ ಕೇಳಿದ್ದರು. ಸಿಗಲಿಲ್ಲ. ವಿಷಯ ತೀರಾ ಸರಳವಾಯಿತು ಎಂಬುದು ಪರಿಶೀಲಕರೊಬ್ಬರ ಅಭಿಪ್ರಾಯವಾಗಿತ್ತಂತೆ! ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಅಹ್ಮದ್ ಬರೆದ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು.

ಇಲ್ಲಿಯವರೆಗೆ ಕಳೆದದ್ದು ಏನೂ ಇಲ್ಲವೆಂದೇ ಹೇಳಬಹುದು. ಕಳೆಯುವುದು ಮುಂದಿನ ಹೆಜ್ಜೆಯಲ್ಲಿ. ಆ 64 ಸಂಖ್ಯೆಗಳನ್ನು ಒಂದು ಕೋಷ್ಟಕದ ಪ್ರಕಾರ ಭಾಗಿಸಿ, ಅಂಗಡಿಯವರು ಚಿಲ್ಲರೆ ಬಿಟ್ಟು ಲೆಕ್ಕ ಮಾಡುವಂತೆ, ಹತ್ತಿರದ ಪೂರ್ಣಾಂಕಕ್ಕೆ ತರಲಾಗುತ್ತದೆ. ಕಣ್ಣಿಗೆ ಸುಲಭವಾಗಿ ಕಾಣದ ನವಿರು ಏರಿಳಿತಗಳ ಪಾಲಿಗೆ ಬಹುಮಟ್ಟಿಗೆ ಸೊನ್ನೆಯೇ ಬರುತ್ತದೆ. ಫೈಲು ಚಿಕ್ಕದಾಗುವುದು ಮುಖ್ಯವಾಗಿ ಹೀಗೆ. ಒಮ್ಮೆ ಬಿಟ್ಟ ಚಿಲ್ಲರೆ ಮತ್ತೆ ಕೈಗೆ ಬರುವುದಿಲ್ಲ.

ಸಾಮಾನ್ಯ ಎಡಿಟರ್ ತಂತ್ರಾಂಶದಲ್ಲಿ ಫೋಟೊ ತೆರೆದು, ತಿರುಗಿಸಿ, ಸೇವ್ ಒತ್ತಿದಾಗ ಈ ಇಡೀ ಕೆಲಸ ಎರಡನೆಯ ಸಲ ನಡೆಯುತ್ತದೆ. ಸಂಖ್ಯೆಗಳಿಂದ ಚುಕ್ಕಿಗಳು, ತಿರುಗಿದ ಚುಕ್ಕಿಗಳಿಂದ ಮತ್ತೆ ಸಂಖ್ಯೆಗಳು, ಮತ್ತೆ ಚಿಲ್ಲರೆ ಬಿಡುವುದು. ಇದರಿಂದ ಫೋಟೊ ಹಾಳಾಯಿತೆಂದು ಗಾಬರಿಯಾಗಬೇಕಿಲ್ಲ. ಗುಣಮಟ್ಟದ ಅಳತೆಪಟ್ಟಿಯನ್ನು 95ರ ಆಸುಪಾಸಿನಲ್ಲಿಟ್ಟು ಒಂದು ಸಲ ಉಳಿಸಿದರೆ ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಕಡಿಮೆ ಗುಣಮಟ್ಟದಲ್ಲಿ, ಇವತ್ತು ತಿರುಗಿಸಿ, ನಾಳೆ ಕತ್ತರಿಸಿ, ನಾಡಿದ್ದು ಹೊಳಪು ಹೆಚ್ಚಿಸಿ ಪ್ರತಿ ಸಲವೂ ಅದೇ ಫೈಲಿನ ಮೇಲೆ ಉಳಿಸುತ್ತ ಹೋದರೆ ಮಾತ್ರ ಅಕ್ಷರಗಳ ಅಂಚಿನಲ್ಲಿ ಗುಂಗಾಡು ಮುತ್ತಿದಂಥ ಕಲೆಗಳೂ, ಆಕಾಶದಲ್ಲಿ ಚೌಕುಳಿಗಳೂ ಎದ್ದು ಕಾಣತೊಡಗುತ್ತವೆ. ಅಜ್ಜಿಯ ಮದುವೆಯ ಫೋಟೊದ ಸ್ಕ್ಯಾನ್‌ನಂಥ, ಮತ್ತೆ ಸಿಗದ ಚಿತ್ರಕ್ಕೆ ಮೊದಲ ನಷ್ಟವೂ ಬೇಡ.

ಅದನ್ನು ತಪ್ಪಿಸುವ ಉಪಾಯ ಚೆಲುವಾಗಿದೆ. ಕಾಲು ಸುತ್ತು ತಿರುಗಿಸುವುದಕ್ಕೆ ಚುಕ್ಕಿಗಳವರೆಗೆ ಹೋಗಬೇಕಾಗಿಯೇ ಇಲ್ಲ. ಕೌದಿಯೊಂದನ್ನು ತಿರುಗಿಸಿ ಹಾಸಿದರೆ ಅದರ ತುಂಡುಗಳು ಜಾಗ ಬದಲಿಸುತ್ತವೆ, ಜೊತೆಗೆ ಪ್ರತಿ ತುಂಡೂ ತಾನೂ ತಿರುಗುತ್ತದೆ. ಹೊಲಿಗೆ ಬಿಚ್ಚುವ ಪ್ರಶ್ನೆಯಿಲ್ಲ. ಜೆಪೆಗ್‌ನಲ್ಲೂ ಹಾಗೆಯೇ. ಚೌಕಗಳನ್ನು ಹೊಸ ಸ್ಥಾನಕ್ಕೆ ಸಾಗಿಸಿ, ಪ್ರತಿ ಚೌಕದೊಳಗಿನ 64 ಸಂಖ್ಯೆಗಳ ಅಡ್ಡಸಾಲನ್ನು ಕಂಬಸಾಲಾಗಿಸಿ, ಕೆಲವಕ್ಕೆ ಕೂಡು ಚಿಹ್ನೆಯ ಬದಲು ಕಳೆ ಚಿಹ್ನೆ ಹಾಕಿದರೆ ಆಯಿತು. ಭಾಗಿಸುವ ಕೋಷ್ಟಕವನ್ನೂ ಅದೇ ರೀತಿ ಮಗುಚಬೇಕು. ಹೊಸದಾಗಿ ಭಾಗಿಸುವುದಿಲ್ಲ, ಹೊಸದಾಗಿ ಚಿಲ್ಲರೆ ಬಿಡುವುದಿಲ್ಲ. ನಾಲ್ಕು ಸಲ ಬಲಕ್ಕೆ ತಿರುಗಿಸಿದರೆ ಮೊದಲಿನ ಸಂಖ್ಯೆಗಳೇ ತಿರುಗಿ ಸಿಗುತ್ತವೆ.

ತೊಡಕಿರುವುದು ಅಂಚಿನಲ್ಲಿ. ಬಣ್ಣದ ವಿವರವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕಿಳಿಸುವ ಸಾಮಾನ್ಯ ಫೋಟೊಗಳಲ್ಲಿ ಚೌಕಗಳು ನಾಲ್ಕು ನಾಲ್ಕರ ಗುಂಪಾಗಿ, ಅಂದರೆ ಅಡ್ಡ 16, ಉದ್ದ 16 ಚುಕ್ಕಿಗಳ ದೊಡ್ಡ ಚೌಕಗಳಾಗಿ ಸಾಗುತ್ತವೆ. 4000ವನ್ನು 16ರಿಂದ ಭಾಗಿಸಿದರೆ ಶೇಷವಿಲ್ಲ. 3000ವನ್ನು ಭಾಗಿಸಿದರೆ 8 ಉಳಿಯುತ್ತದೆ. ಕೆಳಗಿನ ಕೊನೆಯ ಸಾಲು ಅರೆ ತುಂಡಾಯಿತು. ಅರೆ ತುಂಡು ಬಲ ಅಂಚಿನಲ್ಲೋ ಕೆಳ ಅಂಚಿನಲ್ಲೋ ಇರಬಹುದು, ಎಡಕ್ಕೆ ಅಥವಾ ಮೇಲಕ್ಕೆ ಬರುವುದಕ್ಕೆ ಜೆಪೆಗ್ ಒಪ್ಪದು. ಆದ್ದರಿಂದ ಇಂಥ ಫೋಟೊವನ್ನು ಎಡಕ್ಕೆ ತಿರುಗಿಸಿದರೆ ಕೆಳಗಿನ ಅಂಚು ಬಲಕ್ಕೆ ಹೋಗಿ ಎಲ್ಲವೂ ಸುಸೂತ್ರ; ಬಲಕ್ಕೆ ತಿರುಗಿಸಿದರೆ ಅದೇ ಅಂಚು ಎಡಕ್ಕೆ ಬಂದು ಕೆಲಸ ಕೆಡುತ್ತದೆ. ಆಗ ಆ 8 ಚುಕ್ಕಿಗಳ ಪಟ್ಟಿಯನ್ನು ಕತ್ತರಿಸಿ ಬಿಡಬೇಕು, ಇಲ್ಲವೇ ನಷ್ಟವನ್ನು ಒಪ್ಪಬೇಕು. 4032 ಮತ್ತು 3024ರ ಅಳತೆಯ ಫೋಟೊಗಳಿಗೆ ಈ ಕಾಟವಿಲ್ಲ, ಎರಡೂ 16ರ ಗುಣಕಗಳು. ಈ ಚಿತ್ರದ ಅಳತೆಯಿಂದಾಗಿ ತಿರುಗಿಸಿದರೆ ಗುಣಮಟ್ಟ ಶಾಶ್ವತವಾಗಿ ಕುಗ್ಗಬಹುದು, ಮುಂದುವರಿಯಲೇ ಎಂದು ವಿಂಡೋಸ್ ಎಕ್ಸ್‌ಪಿ ಕೇಳುತ್ತಿದ್ದುದು ಹಲವರಿಗೆ ನೆನಪಿರಬಹುದು. ಆ ಎಚ್ಚರಿಕೆಯ ಗುಟ್ಟು ಇದೇ.

ನಷ್ಟವಿಲ್ಲದೆ ತಿರುಗಿಸುವ ಸಲಕರಣೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಇಂಡಿಪೆಂಡೆಂಟ್ ಜೆಪೆಗ್ ಗ್ರೂಪ್‌ನ ಜೆಪೆಗ್‌ಟ್ರಾನ್. ಆದೇಶಗಳನ್ನು ಕೀಲಿಮಣೆಯಲ್ಲಿ ಬರೆದು ನಡೆಸುವ ಈ ಸಲಕರಣೆಗೆ 'ಎಲ್ಲವನ್ನೂ ನಕಲಿಸು' ಎಂದು ಬಿಡಿಸಿ ಹೇಳದಿದ್ದರೆ ಅದು ಎಕ್ಸಿಫ್ ಮಾಹಿತಿಯನ್ನು ಬಿಟ್ಟುಬಿಡುತ್ತದೆ, ಫೋಟೊ ತೆಗೆದ ದಿನಾಂಕವೂ ಅದರೊಡನೆ ಹೋಗುತ್ತದೆ. ಮೌಸ್ ಹಿಡಿದು ಕೆಲಸ ಮಾಡುವವರಿಗೆ ವಿಂಡೋಸ್‌ನಲ್ಲಿ ಇರ್ಫಾನ್‌ವ್ಯೂ ಅನುಕೂಲ. ಇರ್ಫಾನ್ ಸ್ಕಿಲ್ಯಾನ್ 1996ರಿಂದ ಹೊರತರುತ್ತಿರುವ ಇದು ಸ್ವಂತ ಬಳಕೆಗೆ ಉಚಿತ. ಪ್ಲಗಿನ್‌ಗಳನ್ನೂ ಸೇರಿಸಿಕೊಂಡ ಮೇಲೆ ಶಿಫ್ಟ್ ಜೊತೆ ಜೆ ಒತ್ತಿದರೆ ನಷ್ಟವಿಲ್ಲದ ಜೆಪೆಗ್ ಮಾರ್ಪಾಡುಗಳ ಪಟ್ಟಿ ತೆರೆಯುತ್ತದೆ. ಎಕ್ಸ್‌ಎನ್‌ವ್ಯೂ, ಲಿನಕ್ಸ್‌ನ ಜಿಥಂಬ್‌ಗಳಲ್ಲೂ ಈ ಸೌಲಭ್ಯವಿದೆ. ಯಾವುದನ್ನೇ ಬಳಸಿದರೂ ತಿರುಗಿಸಿದ ಬಳಿಕ ಓರಿಯೆಂಟೇಶನ್ ಅಂಕಿ 1ಕ್ಕೆ ಮರಳಬೇಕು. ಚಿತ್ರವನ್ನೂ ತಿರುಗಿಸಿ ಹಳೆಯ ಚೀಟಿಯನ್ನೂ ಉಳಿಸಿದರೆ ಚೀಟಿ ಓದುವ ತಂತ್ರಾಂಶ ಅದನ್ನು ಇನ್ನೊಮ್ಮೆ ತಿರುಗಿಸಿ, ನೆಟ್ಟಗಾದ ಫೋಟೊವನ್ನು ಮತ್ತೆ ಮಲಗಿಸುತ್ತದೆ.

ಪಿಎನ್‌ಜಿ, ಬಿಎಂಪಿ ಫೈಲುಗಳಿಗೆ ಈ ಯಾವ ಎಚ್ಚರವೂ ಬೇಡ. ಅವು ಚಿಲ್ಲರೆ ಬಿಡುವ ಜಾತಿಯವಲ್ಲ. ಆದರೆ ಓರೆಯಾದ ದಿಗಂತವನ್ನು ಎರಡು ಡಿಗ್ರಿ ಸರಿಪಡಿಸಹೊರಟರೆ ಅಲ್ಲೂ ಚುಕ್ಕಿಗಳು ಹೊಸದಾಗಿ ಲೆಕ್ಕವಾಗಬೇಕು. ಇನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೊವಾಗಿಯೇ ಬಂದ ಚಿತ್ರ ದಾರಿಯಲ್ಲೇ ಒಮ್ಮೆ ಕುಗ್ಗಿಯಾಗಿದೆ. ಮೂಲದಂತೆಯೇ ತಲುಪಬೇಕಾದರೆ ಅದನ್ನು ಡಾಕ್ಯುಮೆಂಟ್ ಆಗಿ ಕಳಿಸಬೇಕು.

ಇಷ್ಟೆಲ್ಲ ತಿಳಿದವರೂ ಫೋಟೊ ತಿರುಗಿಸುವುದು ಡಬಲ್ ಕ್ಲಿಕ್‌ಗೆ ತೆರೆದುಕೊಂಡ ತಂತ್ರಾಂಶದಲ್ಲೇ. ಅದು ನಷ್ಟವಿಲ್ಲದೆ ತಿರುಗಿಸುವ ತಂತ್ರಾಂಶವೇ ಆಗಿರುವಂತೆ ಗೊತ್ತುಮಾಡಿಕೊಳ್ಳುವುದು ಇದಕ್ಕೆ ಪರಿಹಾರ. ಕಂಪ್ಯೂಟರ್ ಈ ಆಯ್ಕೆಯನ್ನು ಫೈಲಿನ ಹೆಸರಿನ ಬಾಲಕ್ಕೆ ಗಂಟುಹಾಕಿಕೊಂಡಿರುತ್ತದೆ. ಜೆಪಿಜಿ ಬೇರೆ ಬಾಲ, ಜೆಪಿಇಜಿ ಬೇರೆ ಬಾಲ. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ತಾನಾಗಿ ಅನ್ವಯಿಸುತ್ತದೆಂಬ ಖಾತ್ರಿಯಿಲ್ಲ. ವಿಂಡೋಸ್‌ನಲ್ಲಿ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ ಓಪನ್ ವಿತ್, ಅದರಲ್ಲಿ ಚೂಸ್ ಅನದರ್ ಆ್ಯಪ್ ಆರಿಸಿ, ಬೇಕಾದ ತಂತ್ರಾಂಶವನ್ನು ಯಾವಾಗಲೂ ಬಳಸು ಎಂಬ ಆಯ್ಕೆಯನ್ನು ಗುರುತಿಸಿದರೆ ಮುಗಿಯಿತು. ಸೆಟ್ಟಿಂಗ್ಸ್‌ನ ಡಿಫಾಲ್ಟ್ ಆ್ಯಪ್ಸ್ ವಿಭಾಗದಲ್ಲೂ ಇದನ್ನು ಮಾಡಬಹುದು. ಹೊಸ ತಂತ್ರಾಂಶ ಒಳಬರುತ್ತಲೇ ಫೋಟೊಗಳನ್ನೆಲ್ಲ ತನ್ನ ವಶಕ್ಕೆ ತೆಗೆದುಕೊಳ್ಳುವ ಹಳೆಯ ಚಾಳಿಗೆ ವಿಂಡೋಸ್ 8ರಿಂದ ಕಡಿವಾಣ ಬಿತ್ತು. ಆಯ್ಕೆಯನ್ನು ಬಳಕೆದಾರರೇ ಕೈಯಾರೆ ಮಾಡಬೇಕು.

ಮ್ಯಾಕ್‌ನಲ್ಲಿ ಫೈಲನ್ನು ಆರಿಸಿ ಗೆಟ್ ಇನ್ಫೊ ತೆರೆದು, ಓಪನ್ ವಿತ್‌ನಲ್ಲಿ ತಂತ್ರಾಂಶ ಬದಲಿಸಿ, ಚೇಂಜ್ ಆಲ್ ಒತ್ತಬೇಕು. ಆ ಕೊನೆಯ ಗುಂಡಿ ಒತ್ತಲು ಮರೆತರೆ ಬದಲಾವಣೆ ಆ ಒಂದೇ ಫೈಲಿಗೆ ನಿಲ್ಲುತ್ತದೆ. ಆಂಡ್ರಾಯ್ಡ್ ಫೋನು ಈ ಬಾರಿಗೆ ಮಾತ್ರವೋ ಯಾವಾಗಲೂವೋ ಎಂದು ಕೇಳಿದಾಗ ಅವಸರದಲ್ಲಿ ತಪ್ಪು ಉತ್ತರ ಕೊಟ್ಟಿದ್ದರೆ, ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಲ್ಲಿ ಆ ಆ್ಯಪನ್ನು ಹುಡುಕಿ ಅದರ ಡಿಫಾಲ್ಟ್ ಗುರುತನ್ನು ಅಳಿಸಬೇಕು. ಮುಂದಿನ ಸಲ ಫೋಟೊ ತೆರೆಯಹೋದಾಗ ಫೋನು ಅದೇ ಪ್ರಶ್ನೆಯನ್ನು ಹೊಸದಾಗಿ ಕೇಳುತ್ತದೆ.